ಮಾಪಲೇಸಾ ಅವರ ಅಂಗಳದ ಕಲ್ಲು

ಅಂಗಳದ ಅಂಚಿನ ಚಪ್ಪಟೆ ಕಲ್ಲಿನ ಬಳಿ ನಿಂತು, 'ಖೋತ್ಸೋ' ಎಂದು ಶಾಂತಿ ಕೋರಿ, ಒಳಗಿನಿಂದ ಉತ್ತರ ಬರುವವರೆಗೆ ಹೊರಗಿನವರು ಯಾರೂ ಮುಂದೆ ಹೆಜ್ಜೆಯಿಡುವಂತಿಲ್ಲ. ಮಾಪಲೇಸಾ ಅವರಿಗೆ ಮಂತ್ರಿಯೂ ಒಂದೇ, ಮೇಕೆ ಕಾಯುವವನೂ ಒಂದೇ. ನಮ್ಮ ಲೆಸೋಥೋದ ಬೆಟ್ಟಗಳನ್ನು ನೋಡಬೇಕೆನ್ನುವವರಿಗೆ ಜಲಪಾತಗಳಿಗಿಂತ ಮೊದಲು ನಾನು ಹೇಳುವುದು ಈ ಕಲ್ಲಿನ ವಿಷಯ.

ಪ್ರವಾಸಿಗರನ್ನು ಕುದುರೆಯ ಮೇಲೆ ಕಣಿವೆ ದಾಟಿಸುವುದು ಅವರ ಕಸುಬು. ದುಭಾಷಿಯಾಗಿ ಅವರಾಡುವ ಮಾತನ್ನು ಅತ್ತಿಂದಿತ್ತ ದಾಟಿಸುವುದು ನನ್ನದು. ಇಳಿಜಾರನ್ನು ಪಾದದಿಂದ ಸವರಿ ನೋಡುವವರಂತೆ, ಕುದುರೆಗಿಂತಲೂ ನಿಧಾನವಾಗಿ ಅವರು ಮುಂದೆ ನಡೆಯುತ್ತಾರೆ. ಹೊದ್ದಿರುವುದು ತೀರಿಹೋದ ಗಂಡನ ಕಂಬಳಿ. ಹೆಂಗಸರೆಲ್ಲ ಎದೆಯ ಮೇಲೆ ಪಿನ್ನು ಚುಚ್ಚಿದರೆ ಇವರು ಗಂಡಸರಂತೆ ಬಲಭುಜದ ಮೇಲೆ. ಮೈದುನ ಮೊತ್ಲಾತ್ಸಿ ಅಣಕಿಸಿದರೆ, "ನಿನ್ನ ಹಾಗೆ ಕೈ ಕಟ್ಕೊಂಡು ಕೂರೋಳಲ್ಲಪ್ಪ ನಾನು. ಲಗಾಮು ಹಿಡಿಯೋಕೆ ಬಲಗೈ ಬಿಡುವಾಗಿರ್ಬೇಕು" ಎನ್ನುತ್ತಾರೆ.

ನಮ್ಮಲ್ಲಿ ಮದುವೆಯಾಗಿ ಬಂದ ಸೊಸೆಯನ್ನು ಮುಂದೆ ಹುಟ್ಟಲಿರುವ ಕೂಸಿನ ಹೆಸರಿನಿಂದ ಕರೆಯುತ್ತಾರೆ: ಮಾಪಲೇಸಾ, ಅಂದರೆ ಪಲೇಸಾಳ ತಾಯಿ. ಪಲೇಸಾ ಎಂದರೆ ಹೂವು. ಆ ಕೂಸು ಬರಲೇ ಇಲ್ಲ. ಪ್ರವಾಸಿಗರಿಗೆ ಅವರು ಧಾರಾಳವಾಗಿ ನಮ್ಮ ಹೆಸರುಗಳನ್ನಿಡುತ್ತಾರೆ, ಮಳೆಯಲ್ಲಿ ಬಂದವಳಿಗೆ ಪುಲಾನೆ ಎಂದೋ, ನಗಿಸಿದವನಿಗೆ ಇನ್ನೊಂದೋ. ಒಬ್ಬಾಕೆ ಹೂವಿನ ಹೆಸರೇ ಬೇಕೆಂದು ಹಟ ಹಿಡಿದಳು. ಮಾಪಲೇಸಾ ಕುದುರೆಯ ಜೀನು ಬಿಗಿಯುತ್ತಲೇ ಹೇಳಿದರು: "ಅದಕ್ಕೆ ಯಜಮಾನಿ ಇದ್ದಾಳೆ ಮಗಳೇ. ದಾರೀಲಿದ್ದಾಳೆ."

ಕಳೆದ ಚಳಿಗಾಲ, ಹಿಮ ಬಿದ್ದ ಬೆಳಿಗ್ಗೆ, ಮನೆಯವನಾಗಿ ನೇರ ಒಳಬರುವ ಹಕ್ಕಿದ್ದ ಮೊತ್ಲಾತ್ಸಿ ಟೋಪಿ ತೆಗೆದು ಕಲ್ಲಿನ ಬಳಿ ನಿಂತ. ತಡವಾಗಿಯಾದರೂ ಅವನಿಗೆ ಹೆಣ್ಣು ಹುಟ್ಟಿತ್ತು. ನೆಲ ನೋಡುತ್ತ, ಮಗುವಿಗೆ ಪಲೇಸಾ ಎಂಬ ಆ ಹೆಸರನ್ನು ಕೊಡುವಂತೆ ಅತ್ತಿಗೆಯನ್ನು ಕೇಳಿದ. ಕೊಟ್ಟರೆ, ಇಷ್ಟು ಕಾಲ ದಾರಿಯಲ್ಲಿದ್ದವಳು ಇನ್ನು ಬರುವುದಿಲ್ಲವೆಂದು ತಾವೇ ಒಪ್ಪಿಕೊಂಡಂತೆ. ಮಾಪಲೇಸಾ ಜೋಳದ ಹಿಟ್ಟಿನ ಮುದ್ದೆ ತಿರುವುತ್ತಲೇ ಇದ್ದರು. ತಳ ಹತ್ತಿದ ವಾಸನೆ ಬಂತು. ಅವರ ಕೈಯಿಂದ ತಿರುವುವ ಕೋಲು ತೆಗೆದುಕೊಳ್ಳುವ ಧೈರ್ಯ ನನಗಾಗಲಿಲ್ಲ. ಕೊನೆಗೆ, ಹಿಮ ಕರಗಿದ ಮೇಲೆ ಮಗುವನ್ನು ಕರೆತರಲು ಹೇಳಿದರು.

ತಾಯಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಕಲ್ಲಿನ ಬಳಿ ನಿಂತು ಶಾಂತಿ ಕೋರಿದಳು. ಒಳಗಿನಿಂದ ಉತ್ತರ ಬರಲಿಲ್ಲ. ಮಾಪಲೇಸಾ ತಾವೇ ಎದ್ದು ಕಲ್ಲಿನವರೆಗೂ ಹೋದರು, ಭುಜದ ಪಿನ್ನು ಬಿಚ್ಚಿ ಕಂಬಳಿಯನ್ನು ಕೂಸಿನ ಮೇಲೆ ಹೊದಿಸಿದರು.

"ಎಷ್ಟು ತಡ ಮಾಡಿದ್ಯೇ ಪಲೇಸಾ" ಎಂದರು. "ಬಾ, ದೊಡ್ಡಮ್ಮನ ಹತ್ರ ಬಾ."

ಎತ್ತರದ ದಾರಿಗಳಲ್ಲಿ ಮನೆ ಮಾಡಿಕೊಂಡವರು ಯಾರನ್ನೂ ಕೈಬೀಸಿ ಕರೆಯುವುದಿಲ್ಲ. ಬರುವವರು ಯಾವಾಗ, ಯಾರ ಬೆನ್ನ ಮೇಲೆ ಬರುತ್ತಾರೋ ತಿಳಿಯದೆಯೇ ಅವರಿಗಾಗಿ ಒಂದು ಹೆಸರನ್ನು ಬೆಚ್ಚಗೆ ಕಾಯ್ದಿಟ್ಟಿರುತ್ತಾರೆ.