ಎಡಮೂಲೆಯ ಲಗ್ನಪತ್ರಿಕೆ

ದಾವಣಗೆರೆಯ ವಿದ್ಯಾನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಬಕ್ಕೇಶನಿಗೆ ತನ್ನ ಕೈಗುಣದ ಬಗ್ಗೆ ಭಾರೀ ಹೆಮ್ಮೆ. ಗುಜರಿಗೆ ಹಾಕಿ ಎಂದು ಬೇರೆಯವರು ಕೈಬಿಟ್ಟ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದರ ಮೇಲೆ ಭಾರವಿಲ್ಲದ ಡೆಸ್ಕ್‌ಟಾಪ್ ಒಂದನ್ನು ಕೂರಿಸಿ, ಮತ್ತೆ ಓಡುವಂತೆ ಮಾಡುತ್ತಿದ್ದ. ಹಾಸ್ಟೆಲ್ ಹುಡುಗರು ಹೊಗಳಿ ಹೊಗಳಿ ಅವನನ್ನು ಅಟ್ಟಕ್ಕೇರಿಸಿದ್ದರು. ಅಲ್ಲಿಂದ ಇಳಿಯಲು ಅವನಿಗೂ ಅವಸರವಿರಲಿಲ್ಲ.

ಹರಿಹರದ ಜಾಫರ್ ಸಾಹೇಬರ ಪ್ರೆಸ್ಸಿನ ಕಂಪ್ಯೂಟರನ್ನು ಹಾಗೆ ಬದುಕಿಸಿದವನೂ ಅವನೇ. ಸಾಹೇಬರು ಲಗ್ನಪತ್ರಿಕೆಗೆ ಹೆಸರಾದವರು. ಸುತ್ತಲಿನ ಲಿಂಗಾಯತ ಮನೆಗಳಲ್ಲಿ ಮದುವೆ ಎಂದರೆ ಪತ್ರಿಕೆ ಅವರಲ್ಲೇ ಆಗಬೇಕು. ಯಾವ ಮಠದ ಸ್ವಾಮಿಗಳ ಹೆಸರು ಮೇಲೆ, ಸೋದರಮಾವನ ಹೆಸರು ಎಲ್ಲಿ, ಎಲ್ಲ ಅವರಿಗೆ ಬಾಯಿಪಾಠ. ಲಿಂಗೈಕ್ಯರಾದ ಹಿರಿಯರ ಹೆಸರಿಗೆ ಮೊದಲು ‘ಲಿಂ.’ ಎಂದು ಹಾಕುತ್ತಾರೆ. ಅಷ್ಟು ಪುಟ್ಟ ಗುರುತು, ಆದರೆ ಅದು ತಪ್ಪಿದರೆ ಇಡೀ ಮನೆತನ ಜಗಳಕ್ಕೆ ಬರುತ್ತದೆ. ಸಾಹೇಬರ ಕೈಯಲ್ಲಿ ಅದು ಎಂದೂ ತಪ್ಪಿರಲಿಲ್ಲ. ಹಾಗಾಗಿ ಅಚ್ಚಿಗೆ ಮೊದಲು ಕರಡು ನೋಡುವ ಪದ್ಧತಿಯೇ ಅಲ್ಲಿರಲಿಲ್ಲ. ಜನ ಬಂದು ಹೆಸರುಗಳನ್ನು ಹೇಳಿ, ಚಹಾ ಕುಡಿದು, ನಿಶ್ಚಿಂತೆಯಿಂದ ಹೋಗುತ್ತಿದ್ದರು.

ಬೇಸಿಗೆಯ ಮದುವೆಗಳು ಶುರುವಾಗುವ ಹೊತ್ತಿಗೆ ಸಾಹೇಬರ ಸೊಸೆ ಮುಬಶ್ಶಿರಾ ಫೋನ್ ಮಾಡಿದಳು. ಕಂಪ್ಯೂಟರ್ ಆನ್ ಆಗುತ್ತದೆ, ಕೆಲಸ ಮಾಡುವುದಿಲ್ಲ ಎಂದಳು. ಬಕ್ಕೇಶ ಬಸ್ ಹತ್ತಿ ಹರಿಹರಕ್ಕೆ ಬಂದ.

ನೋಡಿದರೆ ಪರದೆಯ ಮೇಲಂಚಿನ ಮೆನು ಪಟ್ಟಿಯೇ ನಾಪತ್ತೆ. ತೆರೆದ ವಿಂಡೋಗಳಿಗೆ ತಲೆಯಿಲ್ಲ. ಮುಚ್ಚುವ ಗುಂಡಿಯೂ ಇಲ್ಲ, ಎಳೆದು ಸರಿಸುವ ದಾರಿಯೂ ಇಲ್ಲ.

“ಕರೆಂಟ್ ಹೋಗಿ ತಟ್ನೆ ಆಫ್ ಆತಪ್ಪ. ಆಮ್ಯಾಲಿಂದ ಹಿಂಗೇ ಐತೆ,” ಎಂದರು ಸಾಹೇಬರು.

ರೋಗ ಯಾವುದೆಂದು ಬಕ್ಕೇಶನಿಗೆ ಕೂಡಲೇ ಗೊತ್ತಾಯಿತು. ಹಿಂದಿನ ಸಲ ಏನೇನು ತೆರೆದಿತ್ತು ಎಂಬುದನ್ನು ಯಂತ್ರ ಒಂದು ಫೈಲಿನಲ್ಲಿ ನೆನಪಿಟ್ಟುಕೊಳ್ಳುತ್ತದೆ. ಕರೆಂಟ್ ಹೋದಾಗ ಆ ಫೈಲು ಕೆಟ್ಟಿತ್ತು. ಅದೊಂದನ್ನು ಅಳಿಸಿ ಮತ್ತೆ ಲಾಗಿನ್ ಆಗಿದ್ದರೆ ಮುಗಿಯುತ್ತಿತ್ತು. ಆದರೆ ಅಂದು ಸಂಜೆ ದಾವಣಗೆರೆಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥ. ಇರುವ ಫೈಲುಗಳಲ್ಲಿ ಕೆಟ್ಟದ್ದನ್ನು ಹೆಕ್ಕುತ್ತಾ ಕೂರುವ ತಾಳ್ಮೆ ಯಾರಿಗಿದೆ? ಟರ್ಮಿನಲ್ ತೆರೆದು ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್ ಫೋಲ್ಡರನ್ನೇ, ಅದರಲ್ಲಿದ್ದ ಐಕಾನುಗಳ ಜಾಗದ ಗುರುತೂ ಸೇರಿ, ಅಳಿಸಿಬಿಟ್ಟ. ಹಾಗೆ ಮಾಡುವಾಗ ಹಳೆಯ ಫೋಲ್ಡರಿಗೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಡುವುದು ಅವನ ಅಭ್ಯಾಸ. ಅಂದು ಅದನ್ನೂ ಮಾಡಲಿಲ್ಲ.

ಮತ್ತೆ ಆನ್ ಮಾಡಿದಾಗ ಎಲ್ಲ ಹೊಸದಾಗಿ ಎದ್ದು ಬಂತು. ಸಾಹೇಬರ ಪತ್ರಿಕೆಗಳು ಒಂದೂ ಹೋಗಿರಲಿಲ್ಲ. ಆದರೆ ಪರದೆಯ ತುಂಬ ಅಲ್ಲೊಂದು ಇಲ್ಲೊಂದು ಇದ್ದ ಐಕಾನುಗಳು ಅಕ್ಷರಮಾಲೆಯಂತೆ ಸಾಲಾಗಿ ನಿಂತಿದ್ದವು. ಬಕ್ಕೇಶ ಅಷ್ಟಕ್ಕೇ ಬಿಡುವವನಲ್ಲ. ಅವುಗಳನ್ನು ಇನ್ನಷ್ಟು ಚಿಕ್ಕದು ಮಾಡಿದ, ಮೇಲಿದ್ದ ಪಟ್ಟಿಯನ್ನು ಕೆಳಗೆ ತಂದ. ಪರದೆ ಗುಡಿಸಿ ಸಾರಿಸಿದ ಅಂಗಳದಂತಾಯಿತು.

ಸಾಹೇಬರು ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

“ಮೊದ್ಲು ಇದ್ದಂಗೆ ಮಾಡಾಕೆ ಬರಲ್ಲೇನಪ್ಪ?”

“ಎಲ್ಲಾ ಅಲ್ಲೇ ಐತೆ ಸಾಹೇಬ್ರೆ. ಕೆಳಗೆ ಹೆಸರು ಬರ್ದೈತಲ್ಲ, ಓದ್ಕಂಡು ತೆಗೀರಿ. ಇನ್ನೂ ಎಷ್ಟು ದಿನ ಹಳೇದಕ್ಕೇ ಜೋತುಬಿದ್ದಿರ್ತೀರಿ?”

ಮುಬಶ್ಶಿರಾ ನಕ್ಕಳು. ಸಾಹೇಬರೂ ನಕ್ಕಂತೆ ಮಾಡಿ, “ಹೂನಪ್ಪ, ಓದ್ಕಂತೀನಿ,” ಎಂದು ಚಹಾ ತರಿಸಿದರು. ಬಕ್ಕೇಶ ಅದನ್ನು ಗಟಗಟ ಕುಡಿದು ಬಸ್ಸಿಗೆ ಓಡಿದ.

ಕೆಲವು ವಾರ ಕಳೆದ ಮೇಲೆ ಮತ್ತೆ ಮುಬಶ್ಶಿರಾಳ ಫೋನ್ ಬಂತು. ಕೊಕ್ಕನೂರಿನ ಶಿವಮೂರ್ತಪ್ಪನವರ ಮೊಮ್ಮಗಳ ಮದುವೆ. ಪತ್ರಿಕೆ ಅಚ್ಚಾಗಿ ಊರೂರಿಗೆ ಹಂಚಿಯೂ ಆಗಿದೆ. ಅದರಲ್ಲಿ ‘ಲಿಂ. ಶಿವಮೂರ್ತಪ್ಪನವರ ಮೊಮ್ಮಗಳು’ ಎಂದಿದೆ. ಆ ಯಜಮಾನರು ಗಟ್ಟಿಮುಟ್ಟಾಗಿದ್ದಾರೆ. ಲೋಕಿಕೆರೆಗೆ ಕೊಟ್ಟ ಅವರ ತಂಗಿ ಕೊಟ್ರಮ್ಮ ಪತ್ರಿಕೆ ನೋಡಿ, ಒಡಹುಟ್ಟಿದವಳಿಗೇ ಸುದ್ದಿ ತಿಳಿಸಲಿಲ್ಲವಲ್ಲ ಎಂದು ಎದೆ ಬಡಿದುಕೊಂಡು, ಹೂವಿನ ಹಾರ ಹಿಡಿದು ಬಂದರೆ ಅಣ್ಣ ಜಗಲಿಯ ಮೇಲೆ ಮಂಡಕ್ಕಿ ತಿನ್ನುತ್ತಾ ಕೂತಿದ್ದರಂತೆ.

ಬಕ್ಕೇಶನಿಗೆ ನಗು ತಡೆಯಲಾಗಲಿಲ್ಲ. ಆಚೆಯಿಂದ ನಗು ಬರಲಿಲ್ಲ.

“ಬಕ್ಕೇಶಣ್ಣ, ಮಾವ ಪ್ರೆಸ್ಸಿನ ಕಡೆ ತಲಿ ಹಾಕ್ತಿಲ್ಲ. ಅವರಿಗೆ ಕಣ್ಣು ಸರಿಯಾಗಿ ಕಾಣಲ್ಲಂತೆ. ಭಾಳ ದಿನ ಆಗೈತಂತೆ. ನಮಗ್ಯಾರಿಗೂ ಹೇಳೇ ಇಲ್ಲ.”

ಓದ್ಕಂಡು ತೆಗೀರಿ ಎಂದು ತಾನಂದದ್ದು ಈಗ ಬಕ್ಕೇಶನ ಕಿವಿಗೇ ಚುಚ್ಚಿತು. ಅಂಗಡಿಗೆ ಬೀಗ ಹಾಕಿ ಹರಿಹರಕ್ಕೆ ಹೊರಟ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಫೋಲ್ಡರಿನ ಹೆಸರು ಬದಲಿಸಿ ಇಟ್ಟಿದ್ದರೂ ಸಾಕಿತ್ತು, ಹಳೆಯದನ್ನು ವಾಪಸ್ ತರಬಹುದಿತ್ತು. ಅದಕ್ಕಿಂತ ಹೆಚ್ಚಾಗಿ, ಮೊದಲಿನಂತೆ ಯಾಕೆ ಬೇಕು ಎಂದು ಒಂದು ಮಾತು ಕೇಳಬಹುದಿತ್ತು. ಅಷ್ಟು ಕೇಳಲು ಅವನಿಗೇನು ಧಾಡಿಯಾಗಿತ್ತು?

ಸಾಹೇಬರು ಮನೆಯ ಮುಂದಿನ ಬೆಂಚಿನ ಮೇಲೆ ಕೂತಿದ್ದರು. ಬೈಯಲಿಲ್ಲ. “ಬಾರಪ್ಪ, ಕೂಡ್ರು,” ಎಂದರು. ಆಮೇಲೆ ತಾವಾಗಿಯೇ ಬಿಡಿಸಿ ಹೇಳಿದರು. ಅವರ ಹತ್ತಿರ ಎರಡು ಮಾದರಿ ಪತ್ರಿಕೆಗಳಿದ್ದವು. ಹಿರಿಯರು ಬದುಕಿರುವ ಮನೆಗೆ ಒಂದು, ಹಿರಿಯರು ತೀರಿಕೊಂಡ ಮನೆಗೆ ‘ಲಿಂ.’ ಇರುವ ಇನ್ನೊಂದು. ಕಣ್ಣು ಮಂಜಾಗತೊಡಗಿದಾಗ ಮೊದಲನೆಯದನ್ನು ಪರದೆಯ ಎಡಮೂಲೆಗೆ, ಎರಡನೆಯದನ್ನು ಬಲಮೂಲೆಗೆ ಇಟ್ಟುಕೊಂಡಿದ್ದರು. ಓದುವುದು ಬಿಟ್ಟು ಜಾಗದ ಗುರುತಿನ ಮೇಲೇ ಕೆಲಸ ನಡೆಸುತ್ತಿದ್ದರು. ಬಕ್ಕೇಶ ಸಾಲು ಮಾಡಿದಾಗ ಅವೆರಡೂ ಒಂದರ ಕೆಳಗೊಂದು ಬಂದು ಕೂತವು. ಶಿವಮೂರ್ತಪ್ಪನವರ ಪತ್ರಿಕೆಗೆ ಒಂದರ ಬದಲು ಇನ್ನೊಂದು ತೆರೆದುಕೊಂಡದ್ದು ಅವರಿಗೆ ಕಂಡಿರಲಿಲ್ಲ.

“ಡಾಕ್ಟ್ರು ಹೋದ ನೋಟ ಬರಲ್ಲ ಅಂದಾರ. ಅವತ್ತೇ ನಿನಗೆ ಹೇಳ್ಬೇಕಿತ್ತು. ಸೊಸಿ ಎದುರಿಗಿದ್ಲು, ನಾಚಿಕಿ ಆತು.”

“ನೀವು ಕೇಳಿದ್ರಿ ಸಾಹೇಬ್ರೆ. ನಾನೇ ಕಿವಿ ಮ್ಯಾಲೆ ಹಾಕ್ಕಳ್ಳಿಲ್ಲ. ತಪ್ಪು ನಂದೇ. ಶಿವಮೂರ್ತಪ್ಪನವರ ಮನಿಗೆ ಹೋಗಿ ನಾನೇ ಹೇಳ್ತೀನಿ.”

“ಬ್ಯಾಡ. ಅವ್ರೇ ಬಂದಿದ್ರು. ಸತ್ತು ಬಂದೀನಿ, ಒಂದು ಚಾ ಕೊಡ್ರಿ ಅಂತ ನಕ್ರು. ಇನ್ನೊಂದು ಸಲ ನೀವೇ ಅಚ್ಚು ಹಾಕ್ಕೊಡ್ರಿ ಅಂದ್ರು. ಬೈದಿದ್ರೆ ತಡ್ಕಂತಿದ್ದೆ ಕಣಪ್ಪ. ನನ್ನ ಕೈಲಿ ಆಗಲ್ಲಂತ ಬ್ಯಾರೆ ಪ್ರೆಸ್ಸಿಗೆ ಕಳಿಸಿದೆ.”

ಬಕ್ಕೇಶ ಅವರನ್ನು ಒತ್ತಾಯದಿಂದ ಪ್ರೆಸ್ಸಿಗೆ ಕರೆದೊಯ್ದ. ಪಟ್ಟಿಯನ್ನು ಮೇಲಕ್ಕೆ ಸರಿಸಿದ, ಐಕಾನುಗಳನ್ನು ದೊಡ್ಡದು ಮಾಡಿದ, ಅವು ತಾವಾಗಿ ಸಾಲಿಗೆ ಬರದಂತೆ ಮಾಡಿದ. ಯಾವುದು ಎಲ್ಲಿತ್ತು ಎಂದು ಒಂದೊಂದಾಗಿ ಕೇಳಿದ. ಸಾಹೇಬರು ಪರದೆ ನೋಡದೆಯೇ ಗಾಳಿಯಲ್ಲಿ ಬೆರಳು ತೋರಿಸಿ ಹೇಳುತ್ತಾ ಹೋದರು, ಬಕ್ಕೇಶ ಇಡುತ್ತಾ ಹೋದ.

“ಈಗ ಕೂತು ನೋಡ್ರಿ ಸಾಹೇಬ್ರೆ. ಎಲ್ಲಾ ಮೊದ್ಲಿನಂಗೇ ಐತೆ.”

ಸಾಹೇಬರು ಕುರ್ಚಿಗೆ ಬಂದು ಮೌಸ್ ಹಿಡಿದರು. ಬಾಣ ಅಡ್ಡಾಡದೆ ನೇರ ಎಡಮೂಲೆಗೆ ಹೋಗಿ ಐಕಾನಿನ ಮೇಲೆ ನಿಂತಿತು. ಬಕ್ಕೇಶನಿಗೆ ಹೋದ ಜೀವ ಬಂದಂತಾಯಿತು. ಆದರೆ ಸಾಹೇಬರು ಒತ್ತಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಕರೆದರು.

“ಇದ್ಯಾವ್ದು, ಓದಮ್ಮ.”

“ಹಿರೇರು ಇರೋ ಮನೀದು, ಮಾವ. ಸರಿಯಾಗೈತೆ.”

“ಸರಿಯಾಗೈತೆ,” ಎಂದರು ಸಾಹೇಬರು. “ಮೊದ್ಲು ಇದನ್ನ ಯಾರನ್ನೂ ಕೇಳ್ತಿರಲಿಲ್ಲ ನಾನು.”

ಸ್ವಲ್ಪ ಹೊತ್ತು ಕೈಯನ್ನು ಮೌಸಿನ ಮೇಲೇ ಇಟ್ಟುಕೊಂಡಿದ್ದರು. ಆಮೇಲೆ ಎದ್ದು ಕುರ್ಚಿಯನ್ನು ಮುಬಶ್ಶಿರಾಳ ಕಡೆಗೆ ತಿರುಗಿಸಿದರು. ಇನ್ನು ಮೇಲೆ ಹೆಸರು ಹೇಳುವುದು ಮಾತ್ರ ತಮ್ಮ ಕೆಲಸ, ಕೂರುವವಳು ಅವಳೇ ಎಂದರು. ಬಕ್ಕೇಶನ ಹೆಗಲು ಮುಟ್ಟಿದರು.

“ಆಕಿಗೆ ಹೆಂಗೆ ಬೇಕೋ ಹಂಗೆ ಮಾಡ್ಕೊಡಪ್ಪ. ಈ ಸಲ ಕೇಳಿ ಮಾಡು.”