ಜಗಳದ ಮೇಡಂ

ಪ್ರಶ್ನೆ ಕೇಳಿ ಸುಮ್ಮನಿರಬಲ್ಲ ಅಧ್ಯಾಪಕರನ್ನು ನನ್ನ ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ಕಂಡದ್ದು ಒಬ್ಬರನ್ನೇ. ನಾವೆಲ್ಲ ಪ್ರಶ್ನೆ ಎಸೆದ ಮರುಕ್ಷಣವೇ ಉತ್ತರವನ್ನೂ ಹೇಳಿ ಕೈತೊಳೆದುಕೊಳ್ಳುವವರು. ತರಗತಿ ಮೌನವಾದರೆ ಮಾನ ಹೋದಂತೆ ಚಡಪಡಿಸುವವರು. ಭೌತಶಾಸ್ತ್ರದ ಆ ಮೇಡಂ ಮಾತ್ರ ಮುನ್ನೂರ ನಲವತ್ತು ವಿದ್ಯಾರ್ಥಿಗಳ ಎದುರು ಪ್ರಶ್ನೆಯೊಂದನ್ನಿಟ್ಟು, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬೆರಳು ಮಡಿಸುತ್ತ ನಿಧಾನವಾಗಿ ಹತ್ತರವರೆಗೆ ಎಣಿಸುತ್ತಿದ್ದರು. ಆಮೇಲೆ ಒಂದೊಂದು ಉತ್ತರಕ್ಕೂ ಕೈ ಎತ್ತಿಸಿ, ಯಾರು ಸರಿ ಯಾರು ತಪ್ಪೆಂದು ಬಾಯಿ ಬಿಡದೆ, "ಈಗ ಪಕ್ಕದವರ ಜೊತೆ ಜಗಳ ಆಡಿ" ಎನ್ನುತ್ತಿದ್ದರು. ಹೀಗೆ ಅವರು ಜಗಳದ ಮೇಡಂ ಆದರು.

ಜಗಳ ಶುರುವಾದೊಡನೆ, ಸೀಮೆಸುಣ್ಣದ ಪುಡಿಯಿಂದ ಬೂದು ಬಣ್ಣಕ್ಕೆ ತಿರುಗಿದ ನೀಲಿ ಕೋಟಿನಲ್ಲಿ, ನೋವಿನ ಮಂಡಿಯನ್ನು ಸಂಭಾಳಿಸುತ್ತ ಓರೆಯಾಗಿ ಮೆಟ್ಟಿಲೇರಿ ಕಡೆಯ ಸಾಲಿನವರೆಗೂ ಹೋಗಿ ಕಿವಿಗೊಡುತ್ತಿದ್ದರು. ಯಾರು ಏನೇ ಹೇಳಲಿ, "ಹೌದಾ? ಯಾಕೆ?" ಎಂಬುದೊಂದೇ ಮಾತು, ಕ್ಯಾಂಟೀನಿನವನು ಚಹಾ ಮುಗಿಯಿತೆಂದರೂ ಅದೇ. ಸೊಸೆ ಕಾಲೇಜಿನಲ್ಲಿ ಉಳಿಸಿದ ಮಾತನ್ನೆಲ್ಲ ತಂದು ಮನೆಯಲ್ಲಿ ಸುರಿಯುತ್ತಾಳೆಂದು ಅವರ ಅತ್ತೆ ಒಮ್ಮೆ ನನ್ನೆದುರೇ ದೂರಿದ್ದರು.

ನಾನೂ ದೂರಿದೆ, ಆದರೆ ಬರವಣಿಗೆಯಲ್ಲಿ, ಡೀನ್ ಅವರಿಗೆ. ಪಕ್ಕದ ಕೋಣೆಯಲ್ಲಿ ನಾನು ಹಳೆಯ ಕಾವ್ಯವನ್ನು ಭಾವಪರವಶನಾಗಿ ಓದುತ್ತಿರುವಾಗ ಗೋಡೆಯಾಚೆಯಿಂದ ಸಂತೆಯ ಗದ್ದಲ ಬಂದರೆ ಎಷ್ಟು ದಿನ ಹಲ್ಲು ಕಚ್ಚಿಕೊಂಡಿರಲಿ? ನನ್ನ ವಿದ್ಯಾರ್ಥಿಗಳು ನಿದ್ದೆಯಿಂದ ಏಳುತ್ತಿದ್ದುದೇ ಆ ಸದ್ದಿಗೆ ಎಂಬುದನ್ನು ಪತ್ರದಲ್ಲಿ ಬರೆಯಲಿಲ್ಲ. ವಿಚಾರಣೆಯಾಗುತ್ತದೆ, ದೂರು ನಿಜವಾದರೆ ಆ ದೊಡ್ಡ ತರಗತಿ ಬೇರೆಯವರಿಗೆ, ಮೇಡಂ ಪ್ರಯೋಗಾಲಯದ ಉಸ್ತುವಾರಿಗೆ ಎಂಬ ಸುದ್ದಿ ಬಂತು. "ಆ ಕ್ಲಾಸೇ ಹೋದ್ರೆ ನಾನು ಬೆಳಿಗ್ಗೆ ಯಾಕೆ ಏಳ್ಬೇಕು?" ಎಂದು ಅವರು ಅಧ್ಯಾಪಕರ ಕೋಣೆಯಲ್ಲಿ ಯಾರಿಗೂ ಅಲ್ಲದಂತೆ ಹೇಳಿದಾಗ ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆ. ನಾಚಿಕೆಯಾಯಿತು.

ವಿಚಾರಣೆಗೆ ಬಂದ ಡೀನ್, ಕಾನೂನು ಕಲಿಸಿದ ಗಂಭೀರ ಮನುಷ್ಯ, ನನ್ನನ್ನೂ ಎಳೆದುಕೊಂಡು ಹೋಗಿ ಕಡೆಯ ಬೆಂಚಿನಲ್ಲಿ ಕುಳಿತರು. ಅಂದಿನ ಪ್ರಶ್ನೆ: ಲೋಟದ ನೀರಿನಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಏರುತ್ತದೋ, ಇಳಿಯುತ್ತದೋ, ಅಷ್ಟೇ ಇರುತ್ತದೋ? ಏರುತ್ತದೆಂದು ಡೀನ್, ಸಭೆಗಳಲ್ಲಿ ಮತ ಹಾಕಿದ ಅಭ್ಯಾಸಬಲದಿಂದ, ಕೈ ಎತ್ತಿಬಿಟ್ಟರು. ಅವರು ಎತ್ತಿದರೆಂದು ನಾನೂ ಎತ್ತಿದೆ. ಜಗಳ ಶುರುವಾಯಿತು. ಪಕ್ಕದಲ್ಲಿದ್ದ ಹುಡುಗಿ, ನನ್ನ ತರಗತಿಯಲ್ಲಿ ಎರಡು ವರ್ಷ ಕುಳಿತೂ ಒಮ್ಮೆಯೂ ತುಟಿ ಬಿಚ್ಚದಿದ್ದವಳು, ಡೀನರ ಕಡೆಗೇ ತಿರುಗಿ ತಪ್ಪು ಎಂದಳು.

"ಕರಗಿದ ನೀರು ಎಲ್ಲಿಗಮ್ಮ ಹೋಗತ್ತೆ?" ಎಂದರು ಡೀನ್, ಕೋರ್ಟಿನ ಗತ್ತಿನಲ್ಲಿ.

"ಎಲ್ಲಿಗೂ ಹೋಗಲ್ಲ ಸರ್. ಗಡ್ಡೆ ತನ್ನ ತೂಕದಷ್ಟು ನೀರನ್ನ ಆಗಲೇ ಸರಿಸಿ ಜಾಗ ಮಾಡ್ಕೊಂಡಿದೆ. ಕರಗಿದ ನೀರು ಅದೇ ಜಾಗದಲ್ಲಿ ಸರಿಯಾಗಿ ಹಿಡಿಸತ್ತೆ."

ಡೀನ್ ಮತ್ತೂ ವಾದಿಸಿದರು, ಅವಳೂ ಬಿಡಲಿಲ್ಲ. ಮೇಡಂ ಪಕ್ಕದಲ್ಲೇ ನಿಂತು ಕೇಳಿದರೇ ಹೊರತು ಯಾರ ನೆರವಿಗೂ ಹೋಗಲಿಲ್ಲ. ಎರಡನೆಯ ಸಲ ಕೈ ಎತ್ತಿಸಿದಾಗ ಡೀನ್ 'ಅಷ್ಟೇ ಇರುತ್ತದೆ' ಎಂಬುದಕ್ಕೆ ಎತ್ತಿದರು. ಹೊರಗೆ ಬಂದ ಮೇಲೆ ನನ್ನ ಪತ್ರವನ್ನು ನನಗೇ ಹಿಂತಿರುಗಿಸಿ, "ಬೇಕಾದ್ರೆ ಗೋಡೆ ದಪ್ಪ ಮಾಡ್ಸೋಣ. ಮೇಡಂ ಅಲ್ಲೇ ಇರ್ಲಿ" ಎಂದರು.

ಅಂದು ಸಂಜೆಯೇ ಮೇಡಂ ಬಳಿ ತಪ್ಪೊಪ್ಪಿಕೊಂಡೆ. ಅವರು ಮನಸಾರೆ ನಕ್ಕು, ನಿಮ್ಮ ತರಗತಿಯಲ್ಲೂ ಒಮ್ಮೆ ಸುಮ್ಮನಿದ್ದು ನೋಡಿ ಎಂದರು. ಮರುದಿನ ಒಂದು ಪದ್ಯ ಓದಿ, ಇದರಲ್ಲಿ ತಾಯಿ ಯಾಕೆ ಅಳುವುದಿಲ್ಲ ಎಂದು ಕೇಳಿ, ಪ್ರಾಣಸಂಕಟದಿಂದ ಬಾಯಿ ಮುಚ್ಚಿಕೊಂಡೆ. ಕಡೆಯ ಸಾಲಿನಲ್ಲಿ ಆ ಹುಡುಗಿಯೇ ಎದ್ದು ನಿಂತಳು. ಅವಳು ಹೇಳಿದ ಅರ್ಥ ನನಗೆ ಮೂವತ್ತು ವರ್ಷದಲ್ಲಿ ಹೊಳೆದಿರಲಿಲ್ಲ.

ಇಂಥ ಅಧ್ಯಾಪಕರು ವಿರಳ. ಎದುರು ಕುಳಿತವರು ಎಷ್ಟೇ ಜನರಿರಲಿ, ಪ್ರತಿಯೊಬ್ಬರಲ್ಲೂ ಕೇಳಬೇಕಾದ ಮಾತೊಂದಿದೆಯೆಂದು ನಂಬಿ ಅವರು ಕಾಯುತ್ತಾರೆ. ನಮ್ಮಂಥ ಮಾತಿನಮಲ್ಲರಿಗೆ ಅವರ ಪಕ್ಕದ ಕೋಣೆ ಸಿಗುವುದೇ ದೊಡ್ಡ ಪುಣ್ಯ.