ನೀಲಿ ಗೆರೆಯೊಳಗೆ ಒಂದು ಕುರ್ಚಿ

ಸಲಿಕೆ ಠಣ್ ಎಂದಿತು. ಮೇಲೆ ಹಿಟ್ಟಿನ ಹಾಗಿದ್ದ ಹಿಮ ಒಳಗೊಳಗೇ ಕಲ್ಲಾಗಿತ್ತು. ಬರ್ನಡೆಟ್ ಹುಡಾಕ್ ಬಾಯಿಗೆ ಬಂದ ಬೈಗುಳವನ್ನು ಹಲ್ಲಿನಲ್ಲೇ ಅರೆದು, ಕೃತಕ ಕಾಲನ್ನು ಗಟ್ಟಿಯಾಗಿ ಊರಿಕೊಂಡು ಮತ್ತೆ ಅಗೆದಳು. ಅವಳ ಕಾರು ದೀಪ ಮಿಣುಕಿಸುತ್ತ ರಸ್ತೆಯಲ್ಲೇ ನಿಂತಿತ್ತು. ಹಾರ್ನ್ ಹೊಡೆಯುವವರು ಹೊಡೆದುಕೊಳ್ಳಲಿ.

ಆ ಹಿಮದ ಗುಡ್ಡೆಯ ಅಡಿಯಲ್ಲಿದ್ದದ್ದು ಪೇಟೆಬೀದಿಯ ಒಂದೇ ಒಂದು ನೀಲಿ ಜಾಗ, ಅಂಗವಿಕಲರ ಕಾರಿಗೆಂದು ಅಗಲವಾಗಿ ಗೆರೆ ಎಳೆದದ್ದು, ಅವಳ ಹೊಲಿಗೆ ಅಂಗಡಿಯ ಎದುರಿಗೇ. ಕಾರಿನ ಬಾಗಿಲು ಪೂರ್ತಿ ತೆರೆಯದಿದ್ದರೆ ಅವಳ ಕೃತಕ ಎಡಗಾಲು ಹೊರಗೆ ಬರುವುದಿಲ್ಲ. ಆದರೆ ಹಿಮ ಬಿದ್ದಾಗಲೆಲ್ಲ ಪುರಸಭೆಯ ಲಾರಿ ಬೀದಿಯದ್ದನ್ನೆಲ್ಲ ನೂಕಿಕೊಂಡು ಬಂದು ಸರಿಯಾಗಿ ಅಲ್ಲೇ ಸುರಿದು ಹೋಗುತ್ತಿತ್ತು. ಬೆಳಗಿನ ಜಾವ ಆ ಜಾಗ ಖಾಲಿ ಇರುತ್ತದಲ್ಲ. ಅಂಗಡಿಯ ಹಿಂಬದಿಯ ಪಾರ್ಕಿಂಗ್ ಇಳಿಜಾರಿನಲ್ಲಿತ್ತು. ಹೋದ ಚಳಿಗಾಲ ಅಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಆರು ವಾರ ಅಂಗಡಿ ಮುಚ್ಚಿದ್ದಳು. ಇನ್ನೊಮ್ಮೆ ಬಿದ್ದರೆ ಶಾಶ್ವತವಾಗಿ ಬೀಗ ಜಡಿದ ಹಾಗೇ. ಪುರಸಭೆಗೆ ಮೂರು ಪತ್ರ ಬರೆದಳು. ಮೂರಕ್ಕೂ ಬಂದದ್ದು ಒಂದೇ ಉತ್ತರ: ಗಮನಕ್ಕೆ ತೆಗೆದುಕೊಳ್ಳಲಾಗಿದೆ.

ಎದುರುಗಡೆ ಕ್ಷೌರದಂಗಡಿಯ ಕಾರ್ಮೈನ್ ರಸ್ತೆ ದಾಟಿ ಬಂದ. "ಕೊಡು ಬರ್ನಿ, ನಾನು ತೋಡ್ತೀನಿ."

"ಬೇಡ. ನೀನು ತೋಡಿದ್ರೆ ಜಾಗ ನಿಂದಾಗುತ್ತೆ. ನನ್ನ ಕೈಯಾರೆ ಆಗ್ಬೇಕು."

ಕಾರ್ಮೈನ್ ಅವಳನ್ನೂ ಗುಡ್ಡೆಯನ್ನೂ ನೋಡಿದ. ಅವನಿಗೆ ತಿಳಿಯಿತು. ಪಿಟ್ಸ್‌ಬರ್ಗಿನ ಆಸುಪಾಸಿನ ಊರುಗಳಲ್ಲಿ ಹುಟ್ಟಿದ ಯಾರಿಗಾದರೂ ತಿಳಿಯುತ್ತಿತ್ತು. ಅಲ್ಲಿ ಹಿಮ ತೋಡಿದವರೇ ಆ ಜಾಗದ ಯಜಮಾನರು. ಕಾರು ತೆಗೆದಾಗ ಒಂದು ಕುರ್ಚಿ ಇಟ್ಟು ಹೋದರೆ ಸಾಕು, ಹಿಮ ಕರಗುವವರೆಗೆ ಅದು ಅವರದೇ. ದೇವರಿಗೆ ಹೆದರದವನೂ ಆ ಕುರ್ಚಿಯನ್ನು ಮುಟ್ಟುವುದಿಲ್ಲ. ಕಾರ್ಮೈನ್ ಒಂದು ಲೋಟ ಕಾಫಿ ತಂದುಕೊಟ್ಟು, ಬರುವ ವಾಹನಗಳಿಗೆ ಪಕ್ಕದಲ್ಲಿ ದಾರಿ ತೋರಿಸುತ್ತ ನಿಂತ.

ಹನ್ನೊಂದು ಗಂಟೆಗೆ ನೆಲದ ನೀಲಿ ಬಣ್ಣ ಕಂಡಿತು. ಅಂಗೈಯಲ್ಲಿ ಬೊಕ್ಕೆ ಎದ್ದಿತ್ತು. ಕಾರು ತರುವಷ್ಟರಲ್ಲಿ ಬೇರೆ ಯಾರೂ ನುಗ್ಗದಿರಲೆಂದು ಬರ್ನಡೆಟ್ ಅಂಗಡಿಯೊಳಗಿನಿಂದ ಹಳದಿ ಸೀಟಿನ ಹಳೇ ಕುರ್ಚಿ ಎಳೆದು ತಂದು ನಟ್ಟನಡುವೆ ಇಟ್ಟಳು. ಅಷ್ಟರಲ್ಲಿ ಗ್ಲೆನ್ ಸ್ಟಾಫರ್ ಬಂದ. ಕಬ್ಬಿಣದ ಸಾಮಾನಿನ ಅಂಗಡಿಯವನು, ವರ್ತಕರ ಸಂಘದ ಅಧ್ಯಕ್ಷ, ಪುರಸಭೆಯ ಸದಸ್ಯ, ಅವಳ ಜತೆ ಶಾಲೆಯಲ್ಲಿ ಓದಿದವನು.

"ಇದೇನು ಬರ್ನಿ ಇದು? ಕುರ್ಚಿ ಎಲ್ಲ ಮನೆ ಮುಂದೆ. ವ್ಯಾಪಾರದ ಬೀದಿಯಲ್ಲಿ ನಡೆಯಲ್ಲ."

"ಹಿಮ ಸುರಿಯೋದು ಮಾತ್ರ ನಡೆಯುತ್ತಾ?"

"ಎಲ್ಲಾದ್ರೂ ಸುರೀಲೇಬೇಕಲ್ಲ. ಈ ಜಾಗ ಬಳಸೋಳು ನೀನೊಬ್ಳೇ. ಹೋಗ್ಲಿ, ಅಂಗವಿಕಲರ ಜಾಗ ಅಂತ ಫಲಕ ಇದ್ಯಲ್ಲ, ಕುರ್ಚಿ ಯಾಕೆ?"

"ಹೋದ ವಾರ ಆ ಫಲಕ ಕತ್ತಿನವರೆಗೆ ಹೂತಿತ್ತು ಗ್ಲೆನ್. ನೀನು ನೋಡ್ಕೊಂಡೇ ಹೋದೆ."

"ನೋಡು, ನೀನೇ ತೆಗೆದ್ರೆ ಮರ್ಯಾದೆ."

"ನಾನು ತೆಗೆಯಲ್ಲ. ನೀನೇ ತೆಗಿ."

ಗ್ಲೆನ್ ಕುರ್ಚಿಯ ಬೆನ್ನು ಹಿಡಿದ. ಕಾರ್ಮೈನನ ಅಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡ ಗಿರಾಕಿಯೊಬ್ಬ ಕತ್ತಿನ ಬಟ್ಟೆಯ ಸಮೇತ ಆಚೆ ಬಂದು ನಿಂತ. ಬೇಕರಿಯ ಗಾಜಿನ ಹಿಂದೆ ನಾಲ್ಕು ಮುಖ ಕಂಡವು. ಬರ್ನಡೆಟ್ ಸಲಿಕೆಯ ಹಿಡಿಯನ್ನು ಬಿಗಿಯಾಗಿ ಹಿಡಿದಳು. ಹೆದರಿಕೆ ಅಲ್ಲ, ಮೂರು ಪತ್ರಗಳ ಸಿಟ್ಟು.

"ನಿಮ್ಮನೆ ಮುಂದೆ ಡಿಸೆಂಬರಿಂದ ನಿಮ್ಮಮ್ಮನ ಹಸಿರು ಕುರ್ಚಿ ಇದೆ," ಅಂದಳು. "ದಿನಾ ಅದರ ಪಕ್ಕದಲ್ಲೇ ಬರ್ತೀನಿ. ಒಂದು ದಿನ ಮುಟ್ಟಿದೀನಾ?"

ಗ್ಲೆನ್‌ನ ಬೆರಳು ಒಂದೊಂದಾಗಿ ಸಡಿಲವಾದವು. "ಗುರುವಾರ ಪುರಸಭೆ ಮೀಟಿಂಗಲ್ಲಿ ಮಾತಾಡ್ತೀನಿ," ಅಂದ.

"ಮಾತಾಡು. ನಾನೂ ಬರ್ತೀನಿ. ಅಲ್ಲೂ ಕಾರಿಗೆ ಜಾಗ ಬಿಡ್ಸಿರು."

ನೊರೆ ಮುಖದವನು ನಕ್ಕುಬಿಟ್ಟ.

ಸಂಜೆ ಕಾರು ತೆಗೆದಾಗ ಅವಳು ಕುರ್ಚಿಯನ್ನು ಅದೇ ಜಾಗದಲ್ಲಿ ಇಟ್ಟಳು. ರಾತ್ರಿಯಿಡೀ ಹಿಮ ಸುರಿಯಿತು. ಬೆಳಿಗ್ಗೆ ಸಲಿಕೆಯನ್ನು ಹಿಂದಿನ ಸೀಟಿಗೆ ಹಾಕಿಕೊಂಡೇ ಹೊರಟಳು. ಇವತ್ತೂ ತೋಡಬೇಕಾದರೆ ತೋಡುವುದೇ, ನಾಳೆಯೂ ತೋಡುವುದೇ.

ಲಾರಿ ಆಗಲೇ ಬಂದು ಹೋಗಿತ್ತು. ಅದರ ಗಾಲಿಯ ಗುರುತು ಬೀದಿಯುದ್ದಕ್ಕೂ ನೆಟ್ಟಗೆ ಬಂದು, ಅವಳ ಅಂಗಡಿಯ ಎದುರು ಮೊಣಕೈಯ ಹಾಗೆ ಬಾಗಿ, ಸುತ್ತು ಹಾಕಿ, ಮುಂದೆ ಮತ್ತೆ ನೆಟ್ಟಗಾಗಿತ್ತು. ನೀಲಿ ಗೆರೆಯ ಒಳಗೆ ಹಳದಿ ಕುರ್ಚಿ ಗೇಣುದ್ದ ಹಿಮ ಹೊತ್ತು ಕೂತಿತ್ತು.

ಬರ್ನಡೆಟ್ ಇಳಿದು, ಕೈಗವಸಿನಿಂದ ಸೀಟು ಒರೆಸಿ, ಕುರ್ಚಿಯನ್ನು ಅಂಗಡಿಯ ಬಾಗಿಲಿಗೆ ಒರಗಿಸಿದಳು. ಕಾರನ್ನು ನಿಧಾನವಾಗಿ ಗೆರೆಯೊಳಗೆ ತಂದಳು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದಳು, ಕೀಲು ಕಿರ್ ಎನ್ನುವವರೆಗೆ.